ಕಾಗದದ ಹೂವು ಕೊಟ್ಟ ಹುಡುಗಿಯ ಲೆಕ್ಕ ಯಾರ ಬಳಿ ಇದೆ?

"ತಪ್ಪು ಯಾರು ಮಾಡುವುದಿಲ್ಲ ಮಾಮ? ಅವನು ಆಮೇಲೆ ಬದಲಾದ ತಾನೇ?"

ನನ್ನ ತಂಗಿಯ ಮಗ ಕೇಳಿದ ಪ್ರಶ್ನೆ ಇದು. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಅವನ ಮೇಜಿನ ಮೇಲೆ ನೀಲಿ-ಬಿಳಿ ಬಣ್ಣದ ಒಂದು ಪ್ಲಾಸ್ಟಿಕ್ ಯಂತ್ರಮಾನವ ನಿಂತಿದೆ. ಅದರ ಹೆಸರು ಡ್ಯುಯಲ್. ಅದನ್ನು ಓಡಿಸುವವನು ಇಝಾಕ್ ಜೂಲ್ ಎಂಬ ಬೆಳ್ಳಿಗೂದಲಿನ ಹುಡುಗ. 'ಗುಂಡಮ್ ಸೀಡ್' ಎಂಬ ಜಪಾನಿ ಅನಿಮೇಷನ್ ಧಾರಾವಾಹಿಯ ಪಾತ್ರ. ನಮ್ಮ ಹುಡುಗನ ಪ್ರಕಾರ ಆ ಕಥೆಯಲ್ಲಿ ಅತ್ಯಂತ ಚೆನ್ನಾಗಿ ಬೆಳೆದ ಪಾತ್ರವೆಂದರೆ ಅವನೇ. ಕೋಪಿಷ್ಠ, ಜಂಭದವನು, ಆದರೆ ಅಪ್ರತಿಮ ಪ್ರತಿಭಾವಂತ. ಕೊನೆಗೆ ತಂಡದ ನಾಯಕನಾಗುತ್ತಾನೆ, ಎಲ್ಲರ ಮೆಚ್ಚುಗೆ ಪಡೆಯುತ್ತಾನೆ. ಇದಕ್ಕಿಂತ ಇನ್ನೇನು ಬೇಕು?

ನನಗೆ ಬೇಕಾದದ್ದು ಒಂದೇ. ಆ ಹುಡುಗ ಹೊಡೆದುರುಳಿಸಿದ ನಿರಾಶ್ರಿತರ ನೌಕೆಯ ಬಗ್ಗೆ ಯಾರಾದರೂ ಮಾತನಾಡಬೇಕು.

ಕಾರ್ಟೂನಿನ ಬಗ್ಗೆ ಲೇಖನವೇ ಎಂದು ಹುಬ್ಬೇರಿಸುವವರು ಇರಬಹುದು. ನಮ್ಮಲ್ಲಿ ಹಿರಿಯರಿಗೆ ಒಂದು ಅಭ್ಯಾಸವಿದೆ. ಮಕ್ಕಳು ನೋಡುವುದನ್ನೆಲ್ಲ ಕಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ತಳ್ಳಿಹಾಕುವ ಮುನ್ನ ಹತ್ತು ನಿಮಿಷ ಕೂತು ನೋಡುವುದಿಲ್ಲ. ಹೀಗಾಗಿ ಮಕ್ಕಳು ಅಲ್ಲಿ ಕಲಿತ ನ್ಯಾಯಶಾಸ್ತ್ರ ಯಾವುದು ಎಂಬುದು ನಮಗೆ ತಿಳಿಯುವುದೇ ಇಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು. ಪಠ್ಯಪುಸ್ತಕದಿಂದ ನನ್ನ ವಿದ್ಯಾರ್ಥಿಗಳು ಕಲಿತದ್ದಕ್ಕಿಂತ ಹೆಚ್ಚನ್ನು ಪರದೆಯಿಂದ ಕಲಿತರು ಎಂಬ ಬಗ್ಗೆ ನನಗೆ ಸಂಶಯವೇ ಇಲ್ಲ. ಆದ್ದರಿಂದ ಕೂತು ನೋಡಿದೆ. ಐವತ್ತು ಕಂತುಗಳು. ಮುಂದಿನ ಸರಣಿಯನ್ನೂ ನೋಡಿದೆ. ಹೇಳಬೇಕಾದ ಮಾತೆಂದರೆ, ಇದು ಕಸವಲ್ಲ. ಕಸವಾಗಿದ್ದರೆ ಜಗಳಕ್ಕೆ ಇಳಿಯುವ ಅಗತ್ಯವೇ ಇರುತ್ತಿರಲಿಲ್ಲ.

'ಗುಂಡಮ್ ಸೀಡ್' ಜಪಾನಿನಲ್ಲಿ 2002ರ ಅಕ್ಟೋಬರ್‌ನಿಂದ 2003ರ ಸೆಪ್ಟೆಂಬರ್‌ವರೆಗೆ ಪ್ರಸಾರವಾಯಿತು. ನಿರ್ದೇಶಕ ಮಿತ್ಸುಒ ಫುಕುದಾ. ಆ ದಿನಾಂಕಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅಫ್ಘಾನಿಸ್ತಾನದ ಮೇಲೆ ಬಾಂಬು ಬಿದ್ದು ಒಂದು ವರ್ಷವಾಗಿತ್ತು. ಧಾರಾವಾಹಿ ಅರ್ಧ ದಾರಿಯಲ್ಲಿರುವಾಗ, 2003ರ ಮಾರ್ಚ್ 20ರಂದು ಇರಾಕ್ ಯುದ್ಧ ಆರಂಭವಾಯಿತು. ಮರುವರ್ಷ, ಯುದ್ಧವನ್ನೇ ತ್ಯಜಿಸುವುದಾಗಿ ಸಂವಿಧಾನದ ಒಂಬತ್ತನೇ ವಿಧಿಯಲ್ಲಿ ಬರೆದುಕೊಂಡಿರುವ ಜಪಾನ್, ತನ್ನ ಆತ್ಮರಕ್ಷಣಾ ಪಡೆಯನ್ನು ಇರಾಕಿನ ಸಮಾವಾಕ್ಕೆ ಕಳುಹಿಸಿತು. ಅಂಥ ಕಾಲದಲ್ಲಿ ಶನಿವಾರದ ಸಂಜೆ ಮಕ್ಕಳ ಮುಂದೆ ಯುದ್ಧದ ಕಥೆ ಹೇಳುವುದು ತಮಾಷೆಯ ವಿಷಯವಲ್ಲ. ಕಥೆಗಾರರಿಗೂ ಅದು ಗೊತ್ತಿತ್ತು ಎಂದೇ ನನ್ನ ಭಾವನೆ.

ಕಥೆ ಇಷ್ಟು. ಭವಿಷ್ಯದಲ್ಲಿ ಮನುಷ್ಯಕುಲ ಎರಡಾಗಿದೆ. ಹುಟ್ಟುವ ಮೊದಲೇ ವಂಶವಾಹಿಗಳನ್ನು ತಿದ್ದಿ ರೂಪಿಸಲಾದ 'ಕೋಆರ್ಡಿನೇಟರ್'ಗಳು ಒಂದು ಕಡೆ. ನಮ್ಮ ನಿಮ್ಮಂತೆ ಸಹಜವಾಗಿ ಹುಟ್ಟಿದ 'ನ್ಯಾಚುರಲ್'ಗಳು ಇನ್ನೊಂದು ಕಡೆ. ಮೊದಲನೆಯವರು ಬಾಹ್ಯಾಕಾಶದ ವಸಾಹತುಗಳಲ್ಲಿದ್ದಾರೆ. ಎರಡನೆಯವರ ಬಹುಪಾಲು ಭೂಮಿಯಲ್ಲಿದೆ. ಭೂಮಿಯ ಸೇನೆ ಒಂದು ವಸಾಹತಿನ ಮೇಲೆ ಅಣುಬಾಂಬು ಹಾಕಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಅಲ್ಲಿಂದ ಯುದ್ಧ. ತಟಸ್ಥ ದೇಶವೊಂದರ ವಸಾಹತಿನಲ್ಲಿ ಗುಟ್ಟಾಗಿ ತಯಾರಾಗುತ್ತಿದ್ದ ಐದು ಯಂತ್ರಮಾನವಗಳಲ್ಲಿ ನಾಲ್ಕನ್ನು ಕೋಆರ್ಡಿನೇಟರ್ ಸೈನ್ಯದ ಹುಡುಗರು ಕದ್ದೊಯ್ಯುತ್ತಾರೆ. ಉಳಿದ ಒಂದು, ಅಲ್ಲಿ ಓದುತ್ತಿದ್ದ ಕಿರಾ ಯಮಾಟೊ ಎಂಬ ವಿದ್ಯಾರ್ಥಿಯ ಕೈಗೆ ಸಿಗುತ್ತದೆ. ಅವನೂ ಕೋಆರ್ಡಿನೇಟರೇ. ಆದರೆ ಗೆಳೆಯರನ್ನು ಉಳಿಸಲು ಇನ್ನೊಂದು ಪಕ್ಷದಲ್ಲಿ ನಿಂತು ಹೋರಾಡಬೇಕಾಗುತ್ತದೆ.

ಕದ್ದೊಯ್ದ ನಾಲ್ವರಲ್ಲಿ ಒಬ್ಬ ಇಝಾಕ್. ವಯಸ್ಸು ಹದಿನೇಳು. ತಾಯಿ ಆಡಳಿತ ಮಂಡಳಿಯ ಸದಸ್ಯೆ, ಯುದ್ಧ ಬೇಕೆನ್ನುವ ಉಗ್ರ ಬಣದವಳು. ಸೈನಿಕ ಶಾಲೆಯಲ್ಲಿ ಅಗ್ರ ಸ್ಥಾನಗಳಲ್ಲಿ ಬಂದವರಿಗೆ ಮಾತ್ರ ಸಿಗುವ ಕೆಂಪು ಸಮವಸ್ತ್ರ ಅವನ ಮೈಮೇಲಿದೆ. ಸಹಪಾಠಿ ಅಥ್ರನ್ ಝಾಲಾ ತನಗಿಂತ ಮುಂದಿದ್ದಾನೆ ಎಂಬ ಒಂದೇ ಸಂಕಟ. ನ್ಯಾಚುರಲ್‌ಗಳೆಂದರೆ ಅವನಿಗೆ ಮನುಷ್ಯರ ಒಂದು ಕಳಪೆ ಆವೃತ್ತಿ. ಈ ತಿರಸ್ಕಾರ ಅವನು ಸ್ವಂತ ಸಂಪಾದಿಸಿದ್ದಲ್ಲ, ಮನೆಯ ಊಟದ ಮೇಜಿನಲ್ಲಿ ಬಡಿಸಿದ್ದು. ಒಮ್ಮೆ ಕಿರಾನ ಜೊತೆಗಿನ ಕಾಳಗದಲ್ಲಿ ಅವನ ಯಂತ್ರಕ್ಕೆ ಪೆಟ್ಟು ಬಿದ್ದು ಮುಖಕ್ಕೆ ಗಾಯವಾಗುತ್ತದೆ. ಗಾಯದ ಕಲೆಯನ್ನು ಅಳಿಸಿಕೊಳ್ಳುವುದು ಅವನ ಸಮಾಜದ ವೈದ್ಯರಿಗೆ ಕಷ್ಟದ ಕೆಲಸವಲ್ಲ. ಆದರೆ ಅವನು ಉಳಿಸಿಕೊಳ್ಳುತ್ತಾನೆ. ಸೇಡು ತೀರುವವರೆಗೆ ಇರಲಿ ಎಂದು.

ಅದಾದ ಸ್ವಲ್ಪದರಲ್ಲೇ, ಹದಿಮೂರನೇ ಕಂತಿನಲ್ಲಿ, ಆ ಘಟನೆ ನಡೆಯುತ್ತದೆ. ಭೂಮಿಯ ಕಕ್ಷೆಯಲ್ಲಿ ಘೋರ ಕಾಳಗ. ಕಿರಾನ ಹಡಗಿನಲ್ಲಿ ಆಶ್ರಯ ಪಡೆದಿದ್ದ ನಾಗರಿಕರನ್ನು ಒಂದು ಸಣ್ಣ ನೌಕೆಗೆ ಹತ್ತಿಸಿ ಭೂಮಿಗೆ ಕಳುಹಿಸುವ ಏರ್ಪಾಡಾಗಿದೆ. ಹೊರಡುವ ಮುನ್ನ ಒಬ್ಬ ಪುಟ್ಟ ಹುಡುಗಿ ಕಿರಾನ ಬಳಿ ಬಂದು ತಾನು ಮಡಚಿ ಮಾಡಿದ ಕಾಗದದ ಹೂವನ್ನು ಕೊಡುತ್ತಾಳೆ. ಇಷ್ಟು ದಿನ ನಮ್ಮನ್ನು ಕಾಪಾಡಿದ್ದಕ್ಕೆ ಎಂದು. ಆಮೇಲೆ ಕಾಳಗದ ನಡುವೆ ಆ ನೌಕೆ ಕಿರಾನ ಯಂತ್ರಕ್ಕೂ ಇಝಾಕನ ಯಂತ್ರಕ್ಕೂ ಮಧ್ಯೆ ಬರುತ್ತದೆ. ಅದರಲ್ಲಿರುವವರು ಓಡಿಹೋಗುತ್ತಿರುವ ಹೇಡಿ ಸೈನಿಕರು ಎಂದು ಇಝಾಕ್ ಭಾವಿಸುತ್ತಾನೆ. ಗುರಿಗೆ ಅಡ್ಡ ಬಂತೆಂಬ ಸಿಟ್ಟು ಬೇರೆ. ಗುಂಡು ಹಾರಿಸುತ್ತಾನೆ. ಕಿರಾ ಕೈಚಾಚಿದ್ದು ಚಾಚಿದಂತೆಯೇ ಉಳಿಯುತ್ತದೆ.

ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಭೀಕರ ಕ್ಷಣಗಳಿವೆ. ಲಕ್ಷಾಂತರ ಜನರನ್ನು ಸುಡುವ ಆಯುಧಗಳಿವೆ. ಆದರೆ ನೋಡಿದವರೆಲ್ಲ ನೆನಪಿಟ್ಟುಕೊಳ್ಳುವುದು ಈ ಕ್ಷಣವನ್ನೇ. ಯಾಕೆಂದರೆ ಇಲ್ಲಿ ಒಂದು ಬೆರಳು, ಒಂದು ಗುಂಡಿ, ಒಂದು ಹೂವು. ಲೆಕ್ಕ ಸ್ಪಷ್ಟವಾಗಿದೆ.

ಅಭಿಮಾನಿಗಳ ಮೊದಲ ಸಮರ್ಥನೆ ಇಲ್ಲೇ ಶುರುವಾಗುತ್ತದೆ. 'ಅವನಿಗೆ ಗೊತ್ತಿರಲಿಲ್ಲ.' ಸರಿ, ಗೊತ್ತಿರಲಿಲ್ಲ. ಆದರೆ ಯಾಕೆ ಗೊತ್ತಿರಲಿಲ್ಲ? ಆ ನೌಕೆ ಅವನ ಮೇಲೆ ಗುಂಡು ಹಾರಿಸಿರಲಿಲ್ಲ. ಯುದ್ಧಭೂಮಿಯಿಂದ ದೂರ ಹೋಗುತ್ತಿತ್ತು. ಒಳಗೆ ಯಾರಿರಬಹುದು ಎಂದು ಅರೆಕ್ಷಣ ಯೋಚಿಸಲು ಅವನಿಗೆ ತಡೆಯೊಡ್ಡಿದ್ದು ಸಮಯದ ಅಭಾವವಲ್ಲ, ಅಹಂಕಾರ. ಅತ್ತ ಕಡೆಯವರೆಲ್ಲ ಹೇಡಿಗಳು ಎಂದು ಮೊದಲೇ ತೀರ್ಮಾನಿಸಿದವನಿಗೆ ಕಣ್ಣ ಮುಂದೆ ಬಂದದ್ದೆಲ್ಲ ಹೇಡಿಯಂತೆಯೇ ಕಾಣುತ್ತದೆ. ವಂಶವಾಹಿ ತಿದ್ದಿ ಹರಿತಗೊಳಿಸಿದ ಕಣ್ಣುಗಳು, ಬೇರೆಯವರಿಗಿಂತ ವೇಗದ ಮೆದುಳು. ಅಷ್ಟೆಲ್ಲ ಇದ್ದೂ ಅವನು ಕಂಡದ್ದು ತಾನು ಕಾಣಬೇಕೆಂದುಕೊಂಡದ್ದನ್ನು ಮಾತ್ರ. ಪ್ರತಿಭೆ ಅವನ ಗುರಿಯನ್ನು ನಿಖರಗೊಳಿಸಿತು. ಗುರಿ ಯಾವುದು ಎಂದು ಕೇಳಿಕೊಳ್ಳಲು ಅದು ಸಹಾಯ ಮಾಡಲಿಲ್ಲ.

ಇದು ಬರೀ ಕಟ್ಟುಕಥೆಯ ಕಥೆಯೇ? 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್‌ನ 655ನೇ ವಿಮಾನವನ್ನು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಕ್ಷಿಪಣಿಯಿಂದ ಹೊಡೆದುರುಳಿಸಿತು. 290 ಮಂದಿ ಸತ್ತರು. ಅವರಲ್ಲಿ 66 ಮಕ್ಕಳು. ಸತ್ತವರಲ್ಲಿ ಹತ್ತು ಮಂದಿ ಭಾರತೀಯರೂ ಇದ್ದರು. ದುಬೈ ದಾರಿಯ ವಿಮಾನವೆಂದರೆ ನಮ್ಮ ಕರಾವಳಿಯ ಮನೆಗಳಿಗೆ ಏನೆಂದು ವಿವರಿಸಬೇಕಾಗಿಲ್ಲ. ಅದು ದಾಳಿಗೆ ಇಳಿದು ಬರುತ್ತಿದ್ದ ಎಫ್-14 ಯುದ್ಧವಿಮಾನ ಎಂದು ಭಾವಿಸಿದೆವು ಎಂಬುದು ನೌಕೆಯವರ ಸಮಜಾಯಿಷಿ. ಆದರೆ ನೌಕೆಯ ಸ್ವಂತ ಗಣಕವ್ಯವಸ್ಥೆ ದಾಖಲಿಸಿದ್ದೇ ಬೇರೆ. ವಿಮಾನ ಇಳಿಯುತ್ತಿರಲಿಲ್ಲ, ಮೇಲೇರುತ್ತಿತ್ತು. ಯಂತ್ರ ನಿಜ ಹೇಳಿತ್ತು, ಮನುಷ್ಯರು ತಮಗೆ ಬೇಕಾದದ್ದನ್ನು ಓದಿಕೊಂಡರು. ಆ ವ್ಯವಸ್ಥೆಯ ಹೆಸರು ಏಜಿಸ್. ಇಝಾಕನ ಜೊತೆಗಾರ ಅಥ್ರನ್ ಓಡಿಸುವ ಯಂತ್ರದ ಹೆಸರೂ ಅದೇ.

ವಿನ್ಸೆನ್ಸ್ ನೌಕೆಯ ಕಪ್ತಾನ ವಿಲ್ ರೋಜರ್ಸ್ ಹದಿನೇಳರ ಹುಡುಗನೇನೂ ಅಲ್ಲ, ಅನುಭವಿ. ಆದರೆ ಅವರ ನೌಕೆಯ ಆಕ್ರಮಣಶೀಲತೆಯನ್ನು ಕಂಡು ಅದೇ ನೌಕಾಪಡೆಯ ಬೇರೆ ಹಡಗಿನವರು ಅದಕ್ಕೆ 'ರೋಬೊ ಕ್ರೂಸರ್' ಎಂದು ಅಡ್ಡಹೆಸರಿಟ್ಟಿದ್ದರು. ಹತ್ತಿರದಲ್ಲೇ ಇದ್ದ ಇನ್ನೊಂದು ಅಮೆರಿಕನ್ ನೌಕೆಯ ಕಮಾಂಡರ್ ಡೇವಿಡ್ ಕಾರ್ಲ್‌ಸನ್, ನೌಕಾಪಡೆಯವರೇ ಓದುವ ಪತ್ರಿಕೆಯಲ್ಲಿ ಮರುವರ್ಷ ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಅದರಿಂದೇನಾಯಿತು? 1990ರಲ್ಲಿ ರೋಜರ್ಸ್‌ಗೆ ಆ ನೌಕೆಯ ನಾಯಕತ್ವದ ಅವಧಿಯ ಸೇವೆಗಾಗಿ ಲೀಜನ್ ಆಫ್ ಮೆರಿಟ್ ಪದಕ ಕೊಡಲಾಯಿತು. 1996ರಲ್ಲಿ ಅಮೆರಿಕ ಸತ್ತ ಇರಾನಿಯರ ಕುಟುಂಬಗಳಿಗೆ 61.8 ಮಿಲಿಯನ್ ಡಾಲರ್ ಕೊಡಲು ಒಪ್ಪಿತು. ಹಣ ಕೊಟ್ಟಿತು, ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ.

ಅಮೆರಿಕವನ್ನು ಬೈಯುವುದು ನಮ್ಮಂಥವರಿಗೆ ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದ್ದರಿಂದ ಇನ್ನೊಂದು ದಿನಾಂಕವನ್ನೂ ಇಲ್ಲೇ ಬರೆಯಬೇಕು. 2020ರ ಜನವರಿ 8. ಟೆಹರಾನ್‌ನಿಂದ ಮೇಲೇರಿದ ಉಕ್ರೇನ್‌ನ ಪ್ರಯಾಣಿಕ ವಿಮಾನವನ್ನು ಇರಾನಿನದೇ ರೆವಲ್ಯೂಷನರಿ ಗಾರ್ಡ್ ಪಡೆ ಹೊಡೆದುರುಳಿಸಿತು. 176 ಸಾವು. ಅವರಲ್ಲಿ ಹೆಚ್ಚಿನವರು ಇರಾನಿಯರು. ಮೂರು ದಿನ ಸರಕಾರ ಅದನ್ನು ನಿರಾಕರಿಸುತ್ತಲೇ ಇತ್ತು. 655ನೇ ವಿಮಾನದ ದುಃಖವನ್ನು ಮೂವತ್ತು ವರ್ಷ ಹೊತ್ತ ದೇಶಕ್ಕೂ ಆ ಮೂರು ದಿನ ಸತ್ಯ ಹೇಳುವ ಬಾಯಿ ಇರಲಿಲ್ಲ. ಅಲ್ಲೂ ಹೇಳಿದ್ದು ಅದೇ ಮಾತು, ಗೊತ್ತಾಗಲಿಲ್ಲ, ಶತ್ರುವಿನ ಕ್ಷಿಪಣಿ ಎಂದುಕೊಂಡೆವು. ಇಝಾಕನ ಸಮಜಾಯಿಷಿಗೆ ದೇಶಭಾಷೆ, ಧರ್ಮ, ಬಾವುಟಗಳ ಭೇದವಿಲ್ಲ.

ಇನ್ನು ಅಭಿಮಾನಿಗಳ ಎರಡನೆಯ ವಾದಕ್ಕೆ ಬರೋಣ. ಇದೇ ನಮ್ಮ ಹುಡುಗನ ವಾದ. ಅವನು ಬದಲಾದ.

ಬದಲಾಗುತ್ತಾನೆ, ನಿಜ. ಇದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಕಿಲ್ಲ. ತಂಡದ ಅತಿ ಕಿರಿಯ ಗೆಳೆಯ ನಿಕೋಲ್ ಸತ್ತಾಗ ಇಝಾಕ್ ಅತ್ತು ಗೋಳಾಡುತ್ತಾನೆ, ಕಪಾಟುಗಳನ್ನು ಒದೆಯುತ್ತಾನೆ. ಅಲಾಸ್ಕಾದ ಕಾಳಗದಲ್ಲಿ ಕಿರಾನ ಕತ್ತಿಗೆ ಸಿಕ್ಕು ಸಾಯಬೇಕಾದವನು ಉಳಿಯುತ್ತಾನೆ. ಕಿರಾ ಕೊನೆಯ ಕ್ಷಣದಲ್ಲಿ ಕತ್ತಿ ತಿರುಗಿಸಿ ಯಂತ್ರದ ಕಾಲುಗಳನ್ನು ಮಾತ್ರ ಕತ್ತರಿಸುತ್ತಾನೆ. ಆ ನೌಕೆಯನ್ನು ಹೊಡೆದ ಯಂತ್ರ ಇದೇ ಎಂದು ಕಿರಾನಿಗೆ ಗೊತ್ತು. ಗೊತ್ತಿದ್ದೂ ಬಿಡುತ್ತಾನೆ. ನನ್ನನ್ನೇಕೆ ಕೊಲ್ಲಲಿಲ್ಲ ಎಂಬ ಪ್ರಶ್ನೆ ಇಝಾಕನ ತಲೆಯಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಪನಾಮಾದಲ್ಲಿ ಅವನ ಪಡೆಯವರು ಯಂತ್ರ ಕೆಟ್ಟು ನಿಂತ, ಶರಣಾದ ಶತ್ರುಗಳನ್ನು ಕೊಲ್ಲತೊಡಗಿದಾಗ ಅವನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ, ಅಸಹ್ಯಪಡುತ್ತಾನೆ. ಕೊನೆಗೆ ತನ್ನ ಪಕ್ಷವೂ ಎದುರು ಪಕ್ಷವೂ ಸೇರಿ ಮನುಷ್ಯಕುಲವನ್ನೇ ಮುಗಿಸಲು ಹೊರಟಾಗ ಅವನಿಗೆ ಕಣ್ಣು ತೆರೆಯುತ್ತದೆ. ಗೆಳೆಯ ಡಿಯಾಕಾ ಬೇರೆ ದಾರಿ ಹಿಡಿದಾಗ ಮೊದಲು ಪಿಸ್ತೂಲು ತೋರಿಸಿದವನು, ಆಮೇಲೆ ಅದೇ ಗೆಳೆಯನನ್ನು ಕಾಪಾಡಲು ಧಾವಿಸುತ್ತಾನೆ.

ಇದನ್ನೆಲ್ಲ ಬರೆದವರು ದಡ್ಡರಲ್ಲ. ಅಹಂಕಾರ ಒಂದೇ ಏಟಿಗೆ ಕರಗುವುದಿಲ್ಲ, ಹಂತ ಹಂತವಾಗಿ ಸವೆಯುತ್ತದೆ ಎಂದು ಬಲ್ಲವರು. ನನ್ನ ತಕರಾರು ಬೇರೆ. ಈ ಬದಲಾವಣೆಯ ದಾರಿಯಲ್ಲಿ ಎಲ್ಲಿಯೂ ಆ ನೌಕೆ ಬರುವುದಿಲ್ಲ. ಅವನು ಮರುಗುವುದು ತನ್ನವರಿಗಾಗಿ, ತನ್ನ ಗೆಳೆಯರಿಗಾಗಿ, ತನ್ನ ಪಕ್ಷದ ಗೌರವಕ್ಕಾಗಿ. ಟಿ.ವಿ. ಸರಣಿಯಲ್ಲಿ ಕಿರಾ ಮತ್ತು ಇಝಾಕ್ ಎದುರುಬದುರು ಕೂತು ಆ ದಿನದ ಬಗ್ಗೆ ಮಾತನಾಡುವ ಒಂದು ದೃಶ್ಯವೂ ಇಲ್ಲ. ಅಷ್ಟೊಂದು ಕಂತುಗಳಲ್ಲಿ, ಅಷ್ಟೊಂದು ಹಿನ್ನೋಟಗಳ ನಡುವೆ (ಒಂದೇ ದೃಶ್ಯವನ್ನು ಹತ್ತು ಸಲ ತೋರಿಸುವುದರಲ್ಲಿ ಈ ಧಾರಾವಾಹಿ ನಮ್ಮ ಕನ್ನಡ ಧಾರಾವಾಹಿಗಳನ್ನೂ ಮೀರಿಸುತ್ತದೆ) ಇದೊಂದು ಮಾತುಕತೆಗೆ ಐದು ನಿಮಿಷ ಸಿಗಲಿಲ್ಲ. ಆ ಹುಡುಗಿ ಬಾರಿ ಬಾರಿ ಬರುವುದು ಕಿರಾನ ಕನಸಿಗೆ. ಕಾಪಾಡಲಾಗದವನು ಅಳುತ್ತಾನೆ, ಕೊಂದವನು ಬೆಳೆಯುತ್ತಾನೆ.

ಮುಂದಿನ ಸರಣಿ 'ಸೀಡ್ ಡೆಸ್ಟಿನಿ' 2004-05ರಲ್ಲಿ ಪ್ರಸಾರವಾಯಿತು. ಎರಡು ವರ್ಷಗಳ ನಂತರದ ಕಥೆ. ಇಝಾಕ್ ಈಗ ಬಿಳಿ ಸಮವಸ್ತ್ರದ ದಳನಾಯಕ. ಮುಖದ ಮೇಲಿನ ಗಾಯದ ಕಲೆ ಮಾಯವಾಗಿದೆ. ಜೂಲ್ ತಂಡ ಎಂದರೆ ಎಲ್ಲರಿಗೂ ಗೌರವ. ಈ ನಡುವೆ ಏನು ನಡೆಯಿತೆಂಬುದು ಒಂದು ಸಣ್ಣ ಹಿನ್ನೋಟದಲ್ಲಿ ಬಂದು ಹೋಗುತ್ತದೆ. ಯುದ್ಧಕಾಲದ ಕೃತ್ಯಗಳಿಗಾಗಿ ಅವನನ್ನು ವಿಚಾರಣೆಗೆ ನಿಲ್ಲಿಸಲಾಗಿತ್ತು. ಅವನನ್ನು ಉಳಿಸಿದವರು ಡ್ಯುರಾಂಡಲ್ ಎಂಬ ನಯವಾದ ಮಾತಿನ ರಾಜಕಾರಣಿ. ಅವರ ವಾದದ ಸಾರ ಇಷ್ಟು. ಯುದ್ಧ ಹೂಡಿದವರು ಹಿರಿಯರು, ಕಿರಿಯರನ್ನು ರಣರಂಗಕ್ಕೆ ತಳ್ಳಿದವರೂ ಹಿರಿಯರು. ಈಗ ಕಿರಿಯರನ್ನೇ ಶಿಕ್ಷಿಸಿದರೆ ನಾಳೆಯ ದೇಶವನ್ನು ಕಟ್ಟುವವರು ಯಾರು?

ಕೇಳಲು ಎಷ್ಟು ಚೆನ್ನಾಗಿದೆ! ಅರ್ಧ ನಿಜವೂ ಹೌದು. ಹದಿನೇಳರ ಹುಡುಗನ ಕೈಗೆ ಅಂಥ ಯಂತ್ರ ಕೊಟ್ಟವರನ್ನು ಬಿಟ್ಟು ಅವನೊಬ್ಬನನ್ನು ಗಲ್ಲಿಗೇರಿಸಿದರೆ ಅದು ನ್ಯಾಯವಲ್ಲ. ಅವನ ತಾಯಿ ಕೂತಿದ್ದ ಮಂಡಳಿಯೇ ಆ ಯುದ್ಧವನ್ನು ನಡೆಸಿದ್ದು. ಅವನ ತಲೆಯೊಳಗೆ ತಿರಸ್ಕಾರ ತುಂಬಿದ ಸಮಾಜ ಕಟಕಟೆಯ ಹೊರಗೆ ಆರಾಮವಾಗಿ ಕೂತಿತ್ತು. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಈ ವಾದದಲ್ಲಿ ಏನು ತಪ್ಪಿಹೋಗಿದೆ ನೋಡಿ. ಹಿರಿಯರಿದ್ದಾರೆ, ಕಿರಿಯರಿದ್ದಾರೆ, ದೇಶವಿದೆ, ಭವಿಷ್ಯವಿದೆ. ಸತ್ತವರಿಲ್ಲ. ಕ್ಷಮೆ ಕೊಟ್ಟವರು ಕೊಂದವನ ಪಕ್ಷದವರು, ಕ್ಷಮೆ ಪಡೆದವನು ಕೊಂದವನು. ಕಳೆದುಕೊಂಡವರನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ನಿಮ್ಮ ಮನೆಯಿಂದ ಕದ್ದವನನ್ನು ನಾನು ಕ್ಷಮಿಸಿಬಿಟ್ಟರೆ ನೀವು ಏನನ್ನುತ್ತೀರಿ?

ಇನ್ನೊಂದು ವಿಷಯ. ಈ ಡ್ಯುರಾಂಡಲ್ ಯಾರು? ಪ್ರತಿಯೊಬ್ಬ ಮನುಷ್ಯನ ವಂಶವಾಹಿಯನ್ನು ಪರೀಕ್ಷಿಸಿ, ಯಾರು ಯಾವ ಕೆಲಸಕ್ಕೆ ಯೋಗ್ಯರು ಎಂದು ತೀರ್ಮಾನಿಸಿ, ಇಡೀ ಲೋಕವನ್ನು ಅದರಂತೆ ನಡೆಸುವ ಯೋಜನೆಯನ್ನು ಮುಂದೆ ಹೊರತರುವ ವ್ಯಕ್ತಿ. ಅಂಥವರ ಕಣ್ಣಿಗೆ ಇಝಾಕ್ ಅಪರಾಧಿಯಾಗಿ ಕಾಣಲು ಸಾಧ್ಯವೇ? ಅವನೊಂದು ಉತ್ತಮ ದರ್ಜೆಯ ಸಾಮಗ್ರಿ. ಸಾಮಗ್ರಿಯನ್ನು ಯಾರಾದರೂ ಹಾಳುಮಾಡುತ್ತಾರೆಯೇ? ಆ ಕ್ಷಮೆ ಒಂದು ನೇಮಕಾತಿ ಆದೇಶ, ಅಷ್ಟೆ. ಧಾರಾವಾಹಿ ಇದನ್ನು ಅರ್ಧ ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಕೊನೆಯ ಕಾಳಗದಲ್ಲಿ ಇಝಾಕ್ ಡ್ಯುರಾಂಡಲ್‌ನ ವಿರುದ್ಧ ನಿಲ್ಲುತ್ತಾನೆ, ಅದು ಅವನ ದೊಡ್ಡತನ. ಆದರೆ ತನಗೆ ಸಿಕ್ಕಿದ ಕ್ಷಮೆಯೂ ಅದೇ ಅಂಗಡಿಯ ಸರಕು ಎಂದು ಅವನು ಯೋಚಿಸಿದಂತೆ ಕಾಣುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ನಮ್ಮ ಕಾಲೇಜಿನ ಒಂದು ಘಟನೆ. ಬಹಳ ಹಿಂದಿನದು. ರ‍್ಯಾಂಕ್ ಬರುವ ನಿರೀಕ್ಷೆಯಿದ್ದ ಹುಡುಗನೊಬ್ಬ ಪ್ರಯೋಗಾಲಯದ ಬಾಗಿಲು ತೆರೆಯಲು ತಡ ಮಾಡಿದ್ದಕ್ಕೆ ಅಟೆಂಡರ್ ಒಬ್ಬರ ಕೆನ್ನೆಗೆ ಹೊಡೆದ. ಅವರಿಗೆ ಆಗ ಐವತ್ತು ದಾಟಿತ್ತು. ಸ್ಟಾಫ್ ರೂಮಿನಲ್ಲಿ ಸಭೆ ಸೇರಿತು. ಪರೀಕ್ಷೆಗೆ ಎರಡು ತಿಂಗಳಿದೆ, ಹುಡುಗನ ಭವಿಷ್ಯ, ಕಾಲೇಜಿನ ಹೆಸರು, ಒತ್ತಡದಲ್ಲಿದ್ದಾನೆ ಪಾಪ. ಡ್ಯುರಾಂಡಲ್‌ನ ಭಾಷಣವನ್ನು ನಾವು ಅವರಿಗಿಂತ ಮೊದಲೇ ಮಾಡಿದ್ದೆವು. ನಾನೂ ತಲೆಯಾಡಿಸಿದವರಲ್ಲಿ ಒಬ್ಬ. ಹುಡುಗ ಪ್ರಾಂಶುಪಾಲರ ಕೋಣೆಯಲ್ಲಿ ಪ್ರಾಂಶುಪಾಲರ ಬಳಿ ಕ್ಷಮೆ ಕೇಳಿದ. ಹೌದು, ಪ್ರಾಂಶುಪಾಲರ ಬಳಿ. ಆ ಅಟೆಂಡರ್ ಆಮೇಲೆ ಒಂದು ದಿನ ನನ್ನಲ್ಲಿ ಕೇಳಿದರು, "ಸರ್, ಆ ಹುಡುಗನಿಗೆ ನನ್ನ ಹೆಸರು ಗೊತ್ತುಂಟಾ?" ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಸಿಗಬಹುದಾದ ಉತ್ತರದ ಬಗ್ಗೆ ನನಗೆ ಹೆದರಿಕೆಯಿತ್ತು. ಹುಡುಗನಿಗೆ ರ‍್ಯಾಂಕ್ ಬಂತು. ಅವನ ಫೋಟೊ ಕಚೇರಿಯ ಗೋಡೆಗೆ ಏರಿತು. ಆ ಫೋಟೊದ ಧೂಳು ಒರೆಸುವ ಕೆಲಸ ಯಾರದ್ದೆಂದು ಬೇರೆ ಹೇಳಬೇಕೇ?

ಹಾಗಾಗಿ ಗುಂಡಮ್ ನೋಡಿ ಇಝಾಕನನ್ನು ಮೆಚ್ಚುವ ಹುಡುಗರನ್ನು ನಾನು ದೂರುವುದಿಲ್ಲ. ನಾವೇ ಕಲಿಸಿದ್ದು. ಪ್ರತಿಭೆ ಇದ್ದರೆ ಜಂಭ ಅದರ ಜೊತೆ ಬರುವ ಅಲಂಕಾರ, ಬಡವನ ಜಂಭ ಮಾತ್ರ ಕೆಟ್ಟದ್ದು ಎಂಬ ಪಾಠವನ್ನು.

ಹಾಗಂತ ಈ ಕಥಾಪರಂಪರೆಗೆ ಇನ್ನೊಂದು ದಾರಿ ಗೊತ್ತಿರಲಿಲ್ಲವೆಂದಲ್ಲ. ಮೊದಲ ಗುಂಡಮ್ ಧಾರಾವಾಹಿ ಬಂದದ್ದು 1979ರಲ್ಲಿ, ಯೋಶಿಯುಕಿ ತೊಮಿನೊ ಅವರ ನಿರ್ದೇಶನದಲ್ಲಿ. ಅಲ್ಲಿಯೂ ಒಬ್ಬ ಅಹಂಕಾರಿ ತರುಣ ಸೇನಾನಿಯಿದ್ದಾನೆ. ಮುಖವಾಡ ತೊಟ್ಟ, ಕೆಂಪು ಯಂತ್ರದ ಶಾರ್ ಅಜ್ನಾಬಲ್. ಎಲ್ಲರಿಗಿಂತ ಮೂರು ಪಟ್ಟು ವೇಗ ಎಂಬ ಕೀರ್ತಿಯವನು. ತನ್ನ ತಂದೆಯ ಕೊಲೆಗೆ ಸೇಡು ತೀರಿಸಲು ತನ್ನನ್ನು ನಂಬಿದ ಗೆಳೆಯ ಗಾರ್ಮಾನನ್ನು ನಗುನಗುತ್ತಾ ಸಾವಿಗೆ ತಳ್ಳುತ್ತಾನೆ. ಆದರೆ ತೊಮಿನೊ ಅಲ್ಲಿಗೆ ಬಿಡುವುದಿಲ್ಲ. ಗಾರ್ಮಾನ ಶವಯಾತ್ರೆಯನ್ನೇ ವೇದಿಕೆ ಮಾಡಿಕೊಂಡು ಅವನ ಅಣ್ಣ ಗಿರೆನ್ ಇಡೀ ಜನಾಂಗವನ್ನು ಯುದ್ಧಕ್ಕೆ ಹುರಿದುಂಬಿಸುವ ಭಾಷಣ ಮಾಡುತ್ತಾನೆ. ಅದೇ ಗಿರೆನ್‌ನನ್ನು ಅವನ ತಂದೆಯೇ ಮುಂದೆ ಹಿಟ್ಲರನಿಗೆ ಹೋಲಿಸುತ್ತಾನೆ. ಒಬ್ಬ ಜಾಣ ತರುಣನ ಖಾಸಗಿ ಸೇಡು ಹೇಗೆ ಸರ್ವಾಧಿಕಾರಿಯ ಸರಕಾಗುತ್ತದೆ ಎಂಬುದನ್ನು ಅಲ್ಲಿ ಮಕ್ಕಳಿಗೂ ತಿಳಿಯುವಂತೆ ತೋರಿಸಿದ್ದರು. 1988ರ ಸಿನಿಮಾದಲ್ಲಿ ಅದೇ ಶಾರ್ ಭೂಮಿಯ ಮೇಲೆ ಕ್ಷುದ್ರಗ್ರಹವನ್ನು ಬೀಳಿಸಲು ಹೊರಡುತ್ತಾನೆ. ತೊಮಿನೊ ತನ್ನ ಪ್ರತಿಭಾವಂತನಿಗೆ ಸುಲಭದ ಪ್ರಮಾಣಪತ್ರ ಕೊಡಲಿಲ್ಲ.

ಆದರೂ ಶಾರ್ ಜಪಾನಿನ ಅತಿ ಜನಪ್ರಿಯ ಪಾತ್ರಗಳಲ್ಲಿ ಒಂದಾದ. 1980ರಿಂದ ಮಾರಾಟಕ್ಕೆ ಬಂದ ಬಂಡಾಯ್ ಕಂಪೆನಿಯ ಪ್ಲಾಸ್ಟಿಕ್ ಮಾದರಿಗಳಲ್ಲಿ ಅವನ ಕೆಂಪು ಯಂತ್ರಕ್ಕೆ ಇಂದಿಗೂ ಬೇಡಿಕೆಯಿದೆ. ಮುಂದೆ ಬಂದ ಗುಂಡಮ್‌ಗಳಲ್ಲೆಲ್ಲ ಒಬ್ಬ ಸುಂದರ ಅಹಂಕಾರಿ ಇರಲೇಬೇಕು ಎಂಬಂತಾಯಿತು. ಅಂಗಡಿಯ ನ್ಯಾಯ ಕಥೆಯ ನ್ಯಾಯವನ್ನು ನುಂಗುವುದು ಹೀಗೆ. ಜನಪ್ರಿಯ ಪಾತ್ರವನ್ನು ಸಾಯಿಸುವಂತಿಲ್ಲ, ಶಿಕ್ಷಿಸುವಂತಿಲ್ಲ, ಅವನ ಮುಖದಲ್ಲಿ ಹೆಚ್ಚು ಕಾಲ ಕಲೆಯನ್ನೂ ಇಡುವಂತಿಲ್ಲ. 2024ರ ಜನವರಿಯಲ್ಲಿ ಬಿಡುಗಡೆಯಾದ 'ಸೀಡ್ ಫ್ರೀಡಂ' ಸಿನಿಮಾದಲ್ಲೂ ಇಝಾಕ್ ಬರುತ್ತಾನೆ, ಹೊಸ ರೂಪದ ಡ್ಯುಯಲ್ ಯಂತ್ರದೊಂದಿಗೆ. ಇಪ್ಪತ್ತು ವರ್ಷ ಕಾದ ಅಭಿಮಾನಿಗಳು ಸಂಭ್ರಮಪಟ್ಟರು. ಸಂಭ್ರಮಪಡಲಿ.

ಮುಖದ ಕಲೆಯ ವಿಷಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ತನಗಾದ ಗಾಯವನ್ನು ಅವನು ಕನ್ನಡಿಯಲ್ಲಿ ದಿನಾ ಕಾಣುವಂತೆ ಇಟ್ಟುಕೊಂಡ. ಅದು ಸೇಡಿನ ಲೆಕ್ಕದ ಪುಸ್ತಕ. ಸೇಡು ಬೇಡವೆನಿಸಿದ ಮೇಲೆ ಅಳಿಸಿದ. ಅಭಿಮಾನಿಗಳು ಇದನ್ನು ಅವನು ಪ್ರಬುದ್ಧನಾದ ಗುರುತು ಎನ್ನುತ್ತಾರೆ. ತಾನು ಮಾಡಿದ ಗಾಯಕ್ಕೆ ಗುರುತೇನಾದರೂ ಇಟ್ಟುಕೊಂಡನೇ? ಕಲೆಯನ್ನು ಅಳಿಸದೆ, ಅದಕ್ಕೆ ಬೇರೆ ಅರ್ಥ ಕೊಟ್ಟು ಉಳಿಸಿಕೊಂಡಿದ್ದರೆ ಅವನ ನಾಯಕತ್ವವನ್ನು ನಾನೂ ನಂಬುತ್ತಿದ್ದೆ. ತನ್ನ ಕೈಕೆಳಗಿನ ಹೊಸ ಹುಡುಗರಿಗೆ, ಗುಂಡಿ ಒತ್ತುವ ಮುನ್ನ ಒಮ್ಮೆ ನೋಡಿ, ನಾನು ನೋಡಿರಲಿಲ್ಲ ಎಂದು ಒಂದು ಸಲ ಹೇಳಿದ್ದರೂ ಸಾಕಿತ್ತು. ದಳನಾಯಕನೊಬ್ಬ ಕಿರಿಯರಿಗೆ ಕೊಡಬಹುದಾದ ತರಬೇತಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಯಾವುದಿದೆ?

ಇಷ್ಟೆಲ್ಲವನ್ನೂ ನಮ್ಮ ಹುಡುಗನಿಗೆ ಹೇಳಿದೆ. ಇಷ್ಟು ಉದ್ದಕ್ಕಲ್ಲ, ನಡುನಡುವೆ ಅವನ ತಾಯಿ ಚಹಾ ತಂದಿಟ್ಟು, "ಅಣ್ಣಾ, ಅವನಿಗೆ ನಾಳೆ ಪರೀಕ್ಷೆ ಉಂಟು" ಎಂದು ಎರಡು ಸಲ ಎಚ್ಚರಿಸಿದ್ದಳು. ಅವನು ಸೋಲೊಪ್ಪಲಿಲ್ಲ. "ಮಾಮ, ಕಥೆಯಲ್ಲಿ ಎಲ್ಲದಕ್ಕೂ ಲೆಕ್ಕ ಚುಕ್ತಾ ಆಗಬೇಕು ಅಂತ ಇದೆಯಾ? ನಿಜಜೀವನದಲ್ಲೇ ಆಗುವುದಿಲ್ಲ" ಎಂದ. ಒಳ್ಳೆಯ ಮಾತು. ಲೆಕ್ಕ ಚುಕ್ತಾ ಆಗದಿರುವುದು ಬೇರೆ, ಲೆಕ್ಕದ ಪುಸ್ತಕದಿಂದ ಆ ಹಾಳೆಯನ್ನೇ ಹರಿದು ಹಾಕುವುದು ಬೇರೆ ಎಂದೆ. ಆಮೇಲೆ ಕೇಳಿದೆ, "ಆ ಹುಡುಗಿಯ ಹೆಸರೇನು?"

ಇಝಾಕನ ಯಂತ್ರದ ಎತ್ತರ, ತೂಕ, ಆಯುಧಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮೊಬೈಲಿಗೆ ಕೈ ಹಾಕಿದ. ನಾನು ತಡೆಯಲಿಲ್ಲ. ಹುಡುಕಿ, ಓದಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. ಎಲ್.